ಪಾಸ್‌ವರ್ಡ್ ಹಿಡಿದ ಶಾನುಭೋಗರು

1976ರಲ್ಲಿ ಹುಟ್ಟಿದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್, ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ, 1978ರ ಹೊತ್ತಿಗೆ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಬುನಾದಿ ಹಾಕಿತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ತುಮಕೂರು ರಸ್ತೆಯ ಪೀಣ್ಯದಲ್ಲಿ ಸಣ್ಣ ಕೈಗಾರಿಕೆಗಳ ಶೆಡ್ಡುಗಳು ಏಳತೊಡಗಿದವು. 1990ರ ದಶಕದಲ್ಲಿ ವೈಟ್‌ಫೀಲ್ಡ್‌ನಲ್ಲಿ ಸಿಂಗಪುರದವರು, ಟಾಟಾದವರು ಮತ್ತು ರಾಜ್ಯ ಸರ್ಕಾರ ಸೇರಿ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಕಟ್ಟಿದರು. ಈ ಮೂರು ಕೈಗಾರಿಕಾ ಪಟ್ಟಿಗಳ ಇತಿಹಾಸವನ್ನು ರಫ್ತು, ಉದ್ಯೋಗ, ನೆಲದ ಬೆಲೆ, ಟ್ರಾಫಿಕ್ ಇವುಗಳ ಮೂಲಕ ಬೇಕಾದಷ್ಟು ಬರೆದಿದ್ದಾರೆ. ಅವುಗಳ ಜೊತೆಜೊತೆಗೇ ಬೆಳೆದ ಒಂದು ದುಡಿಮೆ ಮಾತ್ರ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ಅದು ಮನೆಯವರ, ನೆಂಟರ, ಅಕ್ಕಪಕ್ಕದವರ ಕಂಪ್ಯೂಟರ್ ಕೆಲಸವನ್ನು ಪುಕ್ಕಟೆ ಮಾಡಿಕೊಡುವವರ ದುಡಿಮೆ. ಇವರನ್ನು ನಾವು ಮನೆಯೊಳಗಿನ ಮೆಕ್ಯಾನಿಕ್ ಎಂದುಕೊಂಡಿದ್ದೇವೆ. ನಲವತ್ತು ವರ್ಷಗಳ ಬದಲಾವಣೆಯನ್ನು ಸಾಲಾಗಿಟ್ಟು ನೋಡಿದರೆ, ಇವರು ಈಗ ಮೆಕ್ಯಾನಿಕ್ಕಿನ ಜಾಗ ಬಿಟ್ಟು ಹಳ್ಳಿಯ ಲೆಕ್ಕ ಬರೆಯುತ್ತಿದ್ದ ಶಾನುಭೋಗರ ಜಾಗಕ್ಕೆ ಬಂದಿದ್ದಾರೆ. ಶಾನುಭೋಗರಿಗೆ ಇದ್ದ ಕಟ್ಟುಪಾಡು ಮಾತ್ರ ಇವರಿಗಿಲ್ಲ ಎಂಬುದು ಈ ಬರಹದ ವಾದ.

ಈ ಚರಿತ್ರೆಯ ಮೊದಲ ಘಟ್ಟದಲ್ಲಿ ಸಹಾಯ ಮಾಡುವವರು ಸಾಫ್ಟ್‌ವೇರನ್ನೇ ಬರೆದುಕೊಡಬೇಕಿತ್ತು. ಅದಕ್ಕೆ ದೊಡ್ಡ ಸಾಕ್ಷಿ ಬೆಂಗಳೂರಿನಲ್ಲೇ ಇದೆ. ಶ್ಯಾಮ್‌ಸುಂದರ್ ಗೋಯೆಂಕಾ ಗಿರಣಿ, ಕಾರ್ಖಾನೆಗಳಿಗೆ ಕಚ್ಚಾಮಾಲು ಮತ್ತು ಯಂತ್ರದ ಬಿಡಿಭಾಗ ಒದಗಿಸುವ ವ್ಯಾಪಾರಿ. ತಮ್ಮ ಲೆಕ್ಕಪತ್ರಕ್ಕೆ ಒಗ್ಗುವ ಸಾಫ್ಟ್‌ವೇರ್ ಎಲ್ಲೂ ಸಿಗದಿದ್ದಾಗ ಗಣಿತ ಓದಿದ್ದ ಮಗ ಭರತ್ ಗೋಯೆಂಕಾಗೆ ಒಂದನ್ನು ಬರೆದುಕೊಡಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದದ್ದೇ 1999ರಲ್ಲಿ ಟ್ಯಾಲಿ ಸೊಲ್ಯೂಷನ್ಸ್ ಆಯಿತು. ಮಗನಿಗೆ 2020ರಲ್ಲಿ ಪದ್ಮಶ್ರೀಯೂ ಬಂತು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಹೊಸೂರು ರಸ್ತೆಯಲ್ಲೇ ಇಂದು ಆ ಕಂಪನಿಯ ಕಚೇರಿ ಇದೆ. ಅಪ್ಪನಿಗಾಗಿ ಮಾಡಿದ ಕೆಲಸ ಸರಕಾಗಿ ಮಾರಾಟಕ್ಕೆ ಬಂದ ಕೂಡಲೇ ಅದಕ್ಕೆ ಬೆಲೆ, ಲೈಸೆನ್ಸು, ಕೆಟ್ಟರೆ ಕೇಳಲು ಒಂದು ವಿಳಾಸ ಎಲ್ಲವೂ ದಕ್ಕಿದವು. ಮನೆಯೊಳಗೇ ಉಳಿದ ಇಂಥ ಸಾವಿರಾರು ಕೆಲಸಗಳಿಗೆ ಇವು ಯಾವುವೂ ದಕ್ಕಲಿಲ್ಲ. ಎರಡರ ನಡುವೆ ಕೌಶಲಕ್ಕಿಂತ ಹೆಚ್ಚಿನ ಅಂತರ ಇದ್ದದ್ದು ಹೊಣೆಗಾರಿಕೆಯಲ್ಲಿ.

ಎರಡನೆಯದು ಜೋಡಣೆ, ರಿಪೇರಿಯ ಘಟ್ಟ. 1994ರಲ್ಲಿ ಇನ್ಫೋಸಿಸ್ ಎಲೆಕ್ಟ್ರಾನಿಕ್ ಸಿಟಿಗೆ ಬಂತು. ಮುಂದಿನ ಹತ್ತು ವರ್ಷಗಳಲ್ಲಿ ರಾಜ್ಯದ ಎಷ್ಟೋ ಊರುಗಳ ಕುಟುಂಬಗಳಿಗೆ ‘ಸಾಫ್ಟ್‌ವೇರ್‌ನಲ್ಲಿರುವ’ ಒಬ್ಬ ಮಗನೋ ಸೊಸೆಯೋ ದೊರೆತರು. ಅವರು ಹಗಲೆಲ್ಲ ಅಮೆರಿಕದ ಬ್ಯಾಂಕಿನ ವೈಟುಕೆ ತೊಡಕು ಬಿಡಿಸುವವರಾಗಿರಲಿ, ಯಾವುದೋ ಚಿಪ್ ಪರೀಕ್ಷಿಸುವವರಾಗಿರಲಿ, ನೆಂಟರಿಗೆ ಅದರ ಗೊಡವೆಯಿಲ್ಲ; ಪ್ರಿಂಟರ್ ಕೈಕೊಟ್ಟರೆ ಅವರೇ ಬರಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಕೊಂಡು ಮನೆಗೊಂದು ಕಂಪ್ಯೂಟರ್ ಜೋಡಿಸಿಕೊಡುವುದು, ವೈರಸ್ ಹೊಕ್ಕರೆ ಫಾರ್ಮ್ಯಾಟ್ ಮಾಡಿ ಮತ್ತೆ ವಿಂಡೋಸ್ ಹಾಕುವುದು ಇವರ ಭಾನುವಾರದ ಕೆಲಸವಾಯಿತು. ಕನ್ನಡದ ಮನೆಗಳಲ್ಲಿ ಇನ್ನೂ ಒಂದು ಕೆಲಸ ಸೇರಿಕೊಂಡಿತು. ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ 1998ರಲ್ಲಿ ಬಂತು, ಆಮೇಲೆ ಕೆ.ಪಿ. ರಾವ್ ಅವರ ಕೀಲಿವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳನ್ನು ಹೊಕ್ಕಿತು. ಯೂನಿಕೋಡ್ ನೆಲೆಯೂರುವ ಮುನ್ನ ಒಂದು ಯಂತ್ರದಲ್ಲಿ ಟೈಪು ಮಾಡಿದ ಕನ್ನಡ, ಅದೇ ಫಾಂಟ್ ಇಲ್ಲದ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿಯಾಗಿ ಕಾಣುತ್ತಿತ್ತು. ಫಾಂಟ್ ಹಾಕಿಕೊಡುವವರಿಲ್ಲದೆ ಮನೆಯ ಕಂಪ್ಯೂಟರಿನಲ್ಲಿ ಕನ್ನಡವೇ ಇರಲಿಲ್ಲ. ಇಷ್ಟಾದರೂ ಈ ಘಟ್ಟದಲ್ಲಿ ಸಹಾಯಕರ ಕೈಗೆ ಸಿಕ್ಕಿದ್ದು ಯಂತ್ರ ಮಾತ್ರ. ಅವರು ತಪ್ಪು ಮಾಡಿದರೆ ಹಾಡು, ಫೋಟೊ ಅಳಿಸಿಹೋಗಬಹುದಿತ್ತು. ಯಾರ ಪಿಂಚಣಿಯೂ ನಿಲ್ಲುತ್ತಿರಲಿಲ್ಲ.

ಅದೇ ವೇಳೆಯಲ್ಲಿ ಸರ್ಕಾರವೂ ಗಣಕೀಕರಣಕ್ಕೆ ಇಳಿಯಿತು. 2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ ಕೈಬರಹದ ಪಹಣಿಯನ್ನು ನಿಲ್ಲಿಸಿತು. 2005ರ ಏಪ್ರಿಲ್‌ನಲ್ಲಿ ‘ಬೆಂಗಳೂರು ಒನ್’ ಸೇವಾ ಕೇಂದ್ರಗಳು ಶುರುವಾದವು. ಈ ಎರಡರಲ್ಲೂ ಗಮನಿಸಬೇಕಾದ ಅಂಶ, ಕಂಪ್ಯೂಟರ್ ಇದ್ದದ್ದು ಕೌಂಟರಿನ ಆಚೆ ಬದಿಗೆ. ರೈತ ತಾಲ್ಲೂಕು ಕಚೇರಿಯ ಕಿಯೋಸ್ಕಿನಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಅಚ್ಚಾಗಿ ಕೈಗೆ ಬರುತ್ತಿತ್ತು. ಕೀಲಿ ಒತ್ತುವವರು ಸಂಬಳದವರು. ಮುಂದಿನ ದಶಕದಲ್ಲಿ ಕೌಂಟರ್ ಕರಗುತ್ತ ಹೋಗಿ, ಅರ್ಜಿದಾರರ ಫೋನೇ ಕಚೇರಿಯಾಯಿತು. 2020ರ ಲಾಕ್‌ಡೌನ್‌ನಲ್ಲಿ ಊರಿಗೆ ಮರಳುವ ವಲಸೆ ಕಾರ್ಮಿಕರು ರಾಜ್ಯ ಸರ್ಕಾರದ ಸೇವಾ ಸಿಂಧು ಪೋರ್ಟಲಿನಲ್ಲಿ ಹೆಸರು ನೋಂದಾಯಿಸಬೇಕಾಯಿತು. 2021ರಲ್ಲಿ 45ಕ್ಕಿಂತ ಕಡಿಮೆ ವಯಸ್ಸಿನವರು ಕೋವಿಡ್ ಲಸಿಕೆಗೆ ಮೊದಲು ಕೋವಿನ್‌ನಲ್ಲಿ ಸರದಿ ಹಿಡಿಯಬೇಕಾಯಿತು. 2024ರ ಅಕ್ಟೋಬರಿನಿಂದ ಬೆಂಗಳೂರಿನಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯವಾಯಿತು. 2007ರಲ್ಲಷ್ಟೇ ಬಿಬಿಎಂಪಿಗೆ ಸೇರಿದ ದಾಸರಹಳ್ಳಿ, ಬೊಮ್ಮನಹಳ್ಳಿ, ಮಹದೇವಪುರ ಸೀಮೆಗಳಲ್ಲಿ ಹಳೆಯ ಪಂಚಾಯಿತಿ ಕಾಗದಗಳನ್ನು ಸ್ಕ್ಯಾನ್ ಮಾಡಿ ಏರಿಸುವ ಕೆಲಸ ಬಹುಪಾಲು ಮನೆಯ ಓದಿದ ಮಕ್ಕಳ ಪಾಲಿಗೆ ಬಂತು.

ಕಾರ್ಖಾನೆಗಳ ಪಟ್ಟಿಯಲ್ಲಿ ಈ ಅವಲಂಬನೆಯ ಭಾರ ಎಷ್ಟೆಂದು ತಿಳಿಯಲು ಭವಿಷ್ಯನಿಧಿಯ (ಪಿಎಫ್) ಕತೆ ನೋಡಬೇಕು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ ಕೆಲಸಗಾರರು, ಅವರಲ್ಲಿ ಹೆಚ್ಚಿನವರು ಹೆಂಗಸರು, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಕೇಂದ್ರ ಸರ್ಕಾರ ನಿಯಮ ಹಿಂದಕ್ಕೆ ಪಡೆಯಿತು. ಮರುವರ್ಷವೇ ಪಿಎಫ್ ಅರ್ಜಿ ಆಧಾರ್ ಜೋಡಿಸಿದ ಯುಎಎನ್ ಎಂಬ ಖಾತೆ ಸಂಖ್ಯೆಯ ಮೂಲಕ ಆನ್‌ಲೈನಿಗೆ ಬಂತು. ಮಾಲೀಕರ ಸಹಿಗೆ ಅಲೆಯುವುದು ತಪ್ಪಿದ್ದು ನಿಜವಾದ ಲಾಭವೇ. ಆದರೆ ಆಧಾರ್‌ನಲ್ಲಿ ಲಕ್ಷ್ಮಮ್ಮ, ಕಾರ್ಖಾನೆಯ ದಾಖಲೆಯಲ್ಲಿ ಲಕ್ಷ್ಮಿ ಎಂದಿದ್ದರೆ, ಹುಟ್ಟಿದ ತಾರೀಕು ಒಂದಕ್ಕೊಂದು ಹೊಂದದಿದ್ದರೆ, ಪರದೆ ಅರ್ಜಿಯನ್ನು ತಿರಸ್ಕರಿಸುತ್ತದೆ, ಮುಂದೇನೆಂದು ಹೇಳುವುದಿಲ್ಲ. ಬೀದಿಗಿಳಿದು ಉಳಿಸಿಕೊಂಡ ಹಕ್ಕನ್ನು ಕೈಗೆ ಪಡೆಯಲು ಪೀಣ್ಯ, ಹೆಬ್ಬಗೋಡಿಯ ಕೆಲಸಗಾರರು ಪಕ್ಕದ ಮನೆಯ ಡಿಪ್ಲೊಮಾ ಹುಡುಗನನ್ನೋ ಸೈಬರ್ ಸೆಂಟರನ್ನೋ ಹುಡುಕಬೇಕು. ಅವರಿಗೆ ಯುಎಎನ್, ಪಾಸ್‌ವರ್ಡ್, ಓಟಿಪಿ ಮೂರನ್ನೂ ಒಪ್ಪಿಸಬೇಕು.

ಶಾನುಭೋಗರ ನೆನಪು ಬರುವುದು ಇಲ್ಲೇ. ಊರಿನ ಲೆಕ್ಕ, ಖಿರ್ದಿ ಅವರ ಮನೆಯಲ್ಲಿ. ಓದು ಬಾರದವರ ಹಣೆಬರಹ ಅವರ ಲೇಖನಿಯಲ್ಲಿ. ಆ ಅಧಿಕಾರ ಎಷ್ಟು ಕೆಡಬಲ್ಲದು ಎಂಬ ಅನುಭವ ಇದ್ದುದರಿಂದಲೇ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಿಂದ ವಂಶಪಾರಂಪರ್ಯದ ಶಾನುಭೋಗಿಕೆಯನ್ನು ಕೊನೆಗಾಣಿಸಿ ಸಂಬಳದ ಗ್ರಾಮ ಲೆಕ್ಕಿಗರನ್ನು ತಂದಿತು. ಆದರೂ ಆ ಹಳೆಯ ಲೋಕದಲ್ಲಿ ಬರೆದವರು ಮರೆಯಾಗಿ ಉಳಿಯುತ್ತಿರಲಿಲ್ಲ. ಹಳೆಯ ಕ್ರಯಪತ್ರದ ತಳದಲ್ಲಿ ಸಾಕ್ಷಿಗಳ ಜೊತೆಗೆ ‘ಬಿಕ್ಕಲಂ’ ಎಂದು ಬರೆದವರ ಹೆಸರು ಇರುತ್ತಿತ್ತು. ತಕರಾರು ಎದ್ದರೆ ಅವರನ್ನು ಕರೆದು ಕೇಳಬಹುದಿತ್ತು. ಇಂದಿನ ಆನ್‌ಲೈನ್ ಅರ್ಜಿಯಲ್ಲಿ ಆ ಸಾಲೇ ಇಲ್ಲ. ಕಾನೂನಿನ ಕಣ್ಣಿನಲ್ಲಿ ಪ್ರತಿಯೊಬ್ಬರೂ ತಮ್ಮ ಅರ್ಜಿಯನ್ನು ತಾವೇ ತುಂಬಿದವರು. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಪಾವತಿಯ ಗುಟ್ಟಿನ ವಿವರ ಹಂಚಿಕೊಂಡದ್ದರಿಂದ ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಗ್ರಾಹಕರದೇ. ವೈಟ್‌ಫೀಲ್ಡಿನ ಫ್ಲ್ಯಾಟಿನಲ್ಲಿ ಕೂತು ಊರಲ್ಲಿರುವ ಅಪ್ಪನ ಪರದೆಯನ್ನು ನಡೆಸಿಕೊಡುವ ಮಗಳು ಬಳಸುವ ಎನಿಡೆಸ್ಕ್‌ನಂಥ ಆ್ಯಪನ್ನೇ ಮೋಸಗಾರರೂ ಹಿಡಿದರು. ಆ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲಿ ಎಚ್ಚರಿಸಬೇಕಾಯಿತು. ‘ಓಟಿಪಿ ಹೇಳಿ’ ಎಂದರೆ ಹೇಳಿಬಿಡುವುದನ್ನು ಹಿರಿಯರು ಕಲಿತದ್ದು ಮನೆಯವರಿಂದಲೇ, ಕಲಿಯದೆ ಅವರಿಗೆ ಬೇರೆ ದಾರಿಯೂ ಇರಲಿಲ್ಲ.

ಈ ವಾದಕ್ಕೆ ಮೊದಲ ಆಕ್ಷೇಪ: ಮನೆಯವರು ಪ್ರೀತಿಯಿಂದ ಮಾಡುವ ಕೆಲಸಕ್ಕೆ ಇಷ್ಟೊಂದು ಲೆಕ್ಕಾಚಾರ ಏಕೆ? ಪ್ರೀತಿಯನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಆದರೆ ಆಸ್ತಿ ಪಾಲಾಗುವ ಮನೆಯಲ್ಲಿ ಅಪ್ಪನ ಖಾತೆಯ ಪಾಸ್‌ವರ್ಡ್ ಒಬ್ಬ ಮಗನ ಕೈಯಲ್ಲಿ ಮಾತ್ರ ಇದ್ದರೆ, ಪ್ರೀತಿಯೊಂದೇ ಅಲ್ಲಿ ಕಾವಲಿಗೆ ಸಾಲದು. ಈ ದುಡಿಮೆಗೆ ಬೆಲೆ ಇದೆ ಎಂಬುದು ಸರ್ಕಾರಕ್ಕೂ ಗೊತ್ತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ ಅರ್ಜಿ ತುಂಬಿಕೊಟ್ಟದ್ದಕ್ಕೆ ಗ್ರಾಮ ಒನ್, ಕರ್ನಾಟಕ ಒನ್ ಕೇಂದ್ರಗಳಿಗೆ ಸರ್ಕಾರವೇ ಹಣ ಕೊಡಲು ಒಪ್ಪಿತ್ತು. ಅದೇ ಕೆಲಸ ಮನೆಯೊಳಗೆ ನಡೆದಾಗ ಮಾತ್ರ ಅದು ಯಾರ ಕಣ್ಣಿಗೂ ಬೀಳದು. ಎರಡನೆಯ ಆಕ್ಷೇಪ, ಹೊಸ ತಲೆಮಾರು ಬೆಳೆದರೆ ಈ ಅವಲಂಬನೆ ತಾನಾಗಿ ಮುಗಿಯುತ್ತದೆ ಎಂಬುದು. ತೊಡಕು ಯಂತ್ರದ್ದಾಗಿದ್ದರೆ ಅದು ಮುಗಿಯುತ್ತಿತ್ತು. ದಿನವಿಡೀ ಯುಪಿಐ ಬಳಸುವ, ರೀಲ್ಸ್ ಮಾಡಿ ಹಾಕುವ ಇಪ್ಪತ್ತೈದರ ಕೆಲಸಗಾರ್ತಿಯೂ ಹೆಸರು ಹೊಂದದ ಪಿಎಫ್ ಖಾತೆಯ ಮುಂದೆ ಕೈಚೆಲ್ಲುತ್ತಾಳೆ. ಆಕೆಗೆ ಫೋನು ಗೊತ್ತು. ಗೊತ್ತಿಲ್ಲದ್ದು ಕಚೇರಿಯ ನಡಾವಳಿ, ಅದೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿ. ಯೋಜನೆ, ನಿಯಮ, ಪೋರ್ಟಲ್ ಬದಲಾಗುತ್ತಿರುವವರೆಗೂ ಪ್ರತಿ ತಲೆಮಾರಿಗೂ ಒಬ್ಬ ಬರಹಗಾರ ಬೇಕು.

ಹಾಗಿದ್ದರೆ ಆ ಬರಹಗಾರರನ್ನು ಅಧಿಕೃತವಾಗಿಯೇ ಒಪ್ಪಿಕೊಳ್ಳಬೇಕು. ಸಹಾಯಕರಿಗೆ ಅಧಿಕೃತ ಸ್ಥಾನ ಕೊಟ್ಟರೆ ವಂಚನೆಗೆ ಬಾಗಿಲು ತೆರೆದಂತೆ ಎಂಬ ಮೂರನೆಯ ಮಾತನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ಬಾಗಿಲು ಈಗಾಗಲೇ ತೆರೆದಿದೆ, ಹೆಸರಿಲ್ಲದವರಿಗೆ ತೆರೆದಿದೆ. ಆದಾಯ ತೆರಿಗೆಯ ಪೋರ್ಟಲಿನಲ್ಲಿ ಒಬ್ಬರ ಪರವಾಗಿ ಇನ್ನೊಬ್ಬರು ತಮ್ಮದೇ ಲಾಗಿನ್‌ನಿಂದ ವ್ಯವಹರಿಸಲು ಅನುಮತಿ ಪಡೆಯುವ ದಾರಿ ಇದೆ. ಅಲ್ಲಿ ಯಾರು ಯಾರಿಗಾಗಿ ಮಾಡಿದರು ಎಂಬುದು ದಾಖಲಾಗುತ್ತದೆ, ಕೊಟ್ಟ ಅನುಮತಿಯನ್ನು ಹಿಂದಕ್ಕೂ ಪಡೆಯಬಹುದು. ತೆರಿಗೆ ಕಟ್ಟುವವರಿಗೆ ಸಿಕ್ಕ ಈ ಸವಲತ್ತು ಪಿಎಫ್ ಕೇಳುವ ಕೆಲಸಗಾರರಿಗೂ ಪಿಂಚಣಿಯ ಅಜ್ಜಿಗೂ ಬೇಡ ಎನ್ನಲು ತಾಂತ್ರಿಕ ಕಾರಣವೇನೂ ಇಲ್ಲ. ನೆರವಾದವರ ಹೆಸರಿಗೊಂದು ಕಲಂ, ಅವರದೇ ಫೋನಿಗೆ ಬರುವ ಬೇರೆ ಓಟಿಪಿ, ಏನು ಮಾಡಿದರೆಂದು ಅರ್ಜಿದಾರರಿಗೆ ಕನ್ನಡದಲ್ಲಿ ಒಂದು ಸಂದೇಶ: ಇವನ್ನು ಕಟ್ಟಿಕೊಡಬಲ್ಲ ಎಂಜಿನಿಯರುಗಳು ಈ ಪಟ್ಟಿಗಳಲ್ಲೇ ಲಕ್ಷಗಟ್ಟಲೆ ಇದ್ದಾರೆ, ಮನೆಯಲ್ಲಿ ಇದೇ ಕೆಲಸವನ್ನು ಪುಕ್ಕಟೆ ಮಾಡುತ್ತಲೂ ಇದ್ದಾರೆ. ಕೌಂಟರು ತೆಗೆದು ಉಳಿಸಿದ ಹಣದಲ್ಲಿ ಒಂದು ಪಾಲನ್ನು ಸರ್ಕಾರ ಇದಕ್ಕೆ ಖರ್ಚು ಮಾಡಿದರೆ ಅದು ಯಾರಿಗೂ ಮಾಡುವ ಉಪಕಾರವಲ್ಲ, ಹಳೆಯ ಬಾಕಿಯ ತೀರುವಳಿ.