ಕಿವಿಯ ಹನಿ ಸಾಲದಿದ್ದಾಗ: ಬುರುಡೆಯ ಬುಡದ ಸೋಂಕು ಮತ್ತು ಮುಂಬೈನ ಪರೇಲ್

ಇದು ಇತಿಹಾಸದ ಚಾನೆಲ್ಲಾ ಡಾಕ್ಟರ್ ಚಾನೆಲ್ಲಾ ಅಂತ ಈ ಸಲ ಕೆಲವರು ಕೇಳಬಹುದು. ಇತಿಹಾಸದ್ದೇ. ಆದರೆ ಊರಲ್ಲಿ ಶುಗರ್ ಇರುವ ಹಿರಿಯರನ್ನು ಬಿಟ್ಟು ಐರೋಲಿಯಲ್ಲೋ ಪೊವಾಯಿಯಲ್ಲೋ ಕೆಲಸ ಮಾಡುವ ನಮ್ಮಂಥವರಿಗೆ ಬೇಕಾದ ಇತಿಹಾಸ.

ನನಗೆ ಇದು ಗೊತ್ತಾಗಿದ್ದು ನಮ್ಮ ದೊಡ್ಡಪ್ಪನಿಂದ. ಗದಗಿನಿಂದ ಫೋನ್ ಮಾಡಿದಾಗೆಲ್ಲ "ಕಿವಿ ಬಾಳ ನೋಯಾಕತ್ತೈತಿ, ರಾತ್ರಿ ನಿದ್ದಿ ಇಲ್ಲೋ" ಅನ್ನುತ್ತಿದ್ದರು. "ಹನಿ ಹಾಕ್ಕೋರಿ ದೊಡ್ಡಪ್ಪ, ಕಡಿಮಿ ಆಗ್ತೈತಿ" ಅಂತ ನಾನು ಎರಡು ತಿಂಗಳು ಹೇಳಿದೆ. ಒಂದು ಭಾನುವಾರ ವಿಡಿಯೋ ಕಾಲ್‌ನಲ್ಲಿ ನೋಡಿದರೆ ಅವರ ಬಾಯಿ ಒಂದು ಕಡೆ ವಾಲಿತ್ತು. ಪಾರ್ಶ್ವವಾಯು ಅಂದುಕೊಂಡು ಮುಂಬೈಗೆ ಕರೆತಂದೆವು. ಅದು ಪಾರ್ಶ್ವವಾಯು ಆಗಿರಲಿಲ್ಲ. ಕಿವಿಯ ಸೋಂಕು ತಲೆಬುರುಡೆಯ ತಳದ ಮೂಳೆಗೆ ಇಳಿದಿತ್ತು.

ಕಿವಿಯ ನಾಳದ ಹೊರಭಾಗ ಮೃದ್ವಸ್ಥಿ, ಒಳಭಾಗ ಮೂಳೆ. ಮೃದ್ವಸ್ಥಿಯಲ್ಲಿ ಹುಟ್ಟಿನಿಂದಲೇ ಸಣ್ಣ ಸೀಳುಗಳಿರುತ್ತವೆ. ಶುಗರ್ ಇರುವವರಲ್ಲಿ ಸಣ್ಣ ರಕ್ತನಾಳಗಳೂ ರೋಗ ತಡೆಯುವ ಶಕ್ತಿಯೂ ಕುಗ್ಗಿರುವುದರಿಂದ, ಸ್ಯೂಡೋಮೋನಾಸ್ ಎಂಬ ಬ್ಯಾಕ್ಟೀರಿಯಾ ಆ ಸೀಳುಗಳಲ್ಲಿ ನುಸುಳಿ ಬುರುಡೆಯ ಬುಡಕ್ಕೆ ಹೋಗುತ್ತದೆ. ಮಿದುಳಿನಿಂದ ಬರುವ ನರಗಳು ಹೊರಬೀಳುವ ರಂಧ್ರಗಳು ಅಲ್ಲೇ ಇವೆ. ಸಾಮಾನ್ಯವಾಗಿ ಮೊದಲು ಮುಖದ ನರ ಸೋಲುತ್ತದೆ. ಆಮೇಲೆ ನುಂಗುವ, ಮಾತಾಡುವ ನರಗಳ ಸರದಿ. ಎಷ್ಟೋ ಸಲ ಹೊರಗಿನ ಕಿವಿ ನೋಡಿದರೆ ವಾಸಿಯಾದಂತೆಯೇ ಇರುತ್ತದೆ, ಒಳಗೆ ಮೂಳೆ ಕೊಳೆಯುತ್ತಿರುತ್ತದೆ. ಸ್ಕ್ರೀನ್ ಮೇಲೆ ಎರರ್ ಇಲ್ಲ ಅಂದರೆ ಸಿಸ್ಟಮ್ ಸರಿಯಿದೆ ಅಂತಲ್ಲ ಅನ್ನೋದು ನಮಗೆ ಗೊತ್ತಲ್ವಾ?

ಈ ಕಾಯಿಲೆಯ ಮೊದಲ ವರದಿ ಎಂದು ವೈದ್ಯರು ಸಾಮಾನ್ಯವಾಗಿ ಹೇಳುವುದು 1838ರಲ್ಲಿ ಟೂಲ್ಮೂಶ್ ಬರೆದದ್ದನ್ನು. 1959ರಲ್ಲಿ ಮೆಲ್ಟ್ಜರ್ ಮತ್ತು ಕೆಲೆಮನ್, ಸ್ಯೂಡೋಮೋನಾಸ್‌ನಿಂದ ಕಿವಿಯ ಸುತ್ತಲ ಮೂಳೆ ಕೊಳೆತ ಒಂದು ಪ್ರಕರಣವನ್ನು ವಿವರಿಸಿದರು. 1968ರಲ್ಲಿ ಅಮೆರಿಕದ ಜೇಮ್ಸ್ ಚಾಂಡ್ಲರ್ 13 ರೋಗಿಗಳ ವಿವರ ಒಟ್ಟುಗೂಡಿಸಿ, ಇದಕ್ಕೆ 'ಮಾರಕ' ಎಂಬರ್ಥದ 'ಮ್ಯಾಲಿಗ್ನಂಟ್' ಎಂಬ ವಿಶೇಷಣ ಕೊಟ್ಟರು. ಕ್ಯಾನ್ಸರ್ ಅಲ್ಲದ ರೋಗಕ್ಕೆ ಅಂಥ ಹೆಸರು ಯಾಕೆ ಅಂದರೆ, ಅವರ ರೋಗಿಗಳಲ್ಲಿ ಸುಮಾರು ಅರ್ಧ ಜನ ಉಳಿಯಲಿಲ್ಲ.

ಹೆಸರು ಸಿಕ್ಕರೆ ಸಾಲದು, ಕಾಣಬೇಕಲ್ಲ? ಎಕ್ಸ್‌ರೇಯಲ್ಲಿ, ಆಮೇಲೆ ಬಂದ ಸಿಟಿ ಸ್ಕ್ಯಾನ್‌ನಲ್ಲೂ, ಮೂಳೆಯ ಖನಿಜಾಂಶ ಸಾಕಷ್ಟು ಕರಗಿದ ಮೇಲಷ್ಟೇ ಹಾಳಾದದ್ದು ಕಾಣುತ್ತದೆ. ಅದಕ್ಕೂ ಮೊದಲೇ ಹಿಡಿಯುವ ದಾರಿ ವಿಕಿರಣ ವಸ್ತುಗಳಿಂದ ಬಂತು. 1971ರಲ್ಲಿ ಅಮೆರಿಕದಲ್ಲಿ ಸುಬ್ರಮಣಿಯನ್ ಮತ್ತು ಮೆಕಾಫಿ, ಟೆಕ್ನೀಶಿಯಂ-99ಎಂ ಅನ್ನು ಫಾಸ್ಫೇಟ್‌ಗೆ ಕಟ್ಟಿ ಮೂಳೆಗೆ ಕಳಿಸುವ ವಿಧಾನ ತೋರಿಸಿದರು. ಸೋಂಕಿಗೆ ಮೂಳೆ ಪ್ರತಿಕ್ರಿಯಿಸುವ ಕಡೆ ಅದು ಹೆಚ್ಚು ಸೇರಿಕೊಂಡು ಹೊಳೆಯುತ್ತದೆ. ಅದರ ಅರ್ಧಾಯುಷ್ಯ ಬರೀ 6 ಗಂಟೆ. ಹಾಗಾಗಿ ಬಳಸುವ ಹೊತ್ತಿಗೆ ಹತ್ತಿರದಲ್ಲೇ ತೆಗೆದುಕೊಳ್ಳಬೇಕು.

ಮುಂಬೈಗೆ ಈ ವಿಷಯದಲ್ಲಿ ಒಂದು ಅನುಕೂಲವಿತ್ತು. ಟ್ರಾಂಬೆಯಲ್ಲಿ 1956ರ ಆಗಸ್ಟ್ 4ರಂದು ಅಪ್ಸರಾ ರಿಯಾಕ್ಟರ್ ಶುರುವಾಗಿ, ಅಣುಶಕ್ತಿಯ ಜೊತೆಗೆ ವೈದ್ಯಕೀಯ ಐಸೊಟೋಪ್‌ಗಳ ಕೆಲಸವೂ ಬೆಳೆಯಿತು. 1963ರಲ್ಲಿ ಪರೇಲ್‌ನಲ್ಲಿ, ಟಾಟಾ ಮೆಮೋರಿಯಲ್ ಆಸ್ಪತ್ರೆಯ ನೆರೆಯಲ್ಲೇ, ರೇಡಿಯೇಷನ್ ಮೆಡಿಸಿನ್ ಸೆಂಟರ್ ಬಂತು. ದೇಶದ ಮೊದಲ ಪೆಟ್ ಸ್ಕ್ಯಾನರ್ 2002ರಲ್ಲಿ ಬಂದದ್ದೂ ಅಲ್ಲಿಗೇ. ನಮಗೆ ಟ್ರಾಂಬೆ ಅಂದರೆ ಬಾಂಬು, ವಿದ್ಯುತ್ತು ನೆನಪಾಗುತ್ತದೆ. ಮೂಳೆ ನೋಡುವ ಕಣ್ಣಿಗೂ ಆ ಊರಿನ ಋಣ ಇದೆ.

ಇನ್ನು ಔಷಧಿ. 1980ರ ದಶಕದ ಕೊನೆಯಲ್ಲಿ ಸಿಪ್ರೊಫ್ಲಾಕ್ಸಸಿನ್ ಮಾತ್ರೆ ಬಂದ ಮೇಲೆ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿ ಇಂಜೆಕ್ಷನ್ ತಗೊಳ್ಳುವ ಕಷ್ಟ ಅನೇಕರಿಗೆ ತಪ್ಪಿತು, ಸಾವೂ ಕಡಿಮೆಯಾಯಿತು. ಆದರೆ ಕಂಡ ಕಂಡ ಜ್ವರಕ್ಕೆಲ್ಲ ಅದನ್ನೇ ನುಂಗಿದ್ದರ ಫಲವಾಗಿ, ಈಗ ಅದಕ್ಕೆ ಬಗ್ಗದ ಸ್ಯೂಡೋಮೋನಾಸ್ ಹೆಚ್ಚುತ್ತಿದೆ.

ಕೆಲವರಲ್ಲಿ ಈ ಮೂಳೆಗೆ ಬರುವುದು ಬ್ಯಾಕ್ಟೀರಿಯಾ ಅಲ್ಲ, ಶಿಲೀಂಧ್ರ. ಅದರ ಹಳೆಯ ಮದ್ದು ಆಂಫೊಟೆರಿಸಿನ್ ಬಿ, ಕಿಡ್ನಿಗೆ ಪೆಟ್ಟು ಕೊಡುತ್ತದೆ. ಅದನ್ನು ಲಿಪೊಸೋಮ್ ಎಂಬ ಕೊಬ್ಬಿನ ಸಣ್ಣ ಗುಳ್ಳೆಗಳಲ್ಲಿಟ್ಟು ಕೊಟ್ಟರೆ ಪೆಟ್ಟು ಕಡಿಮೆ. ದೆಹಲಿ ವಿಶ್ವವಿದ್ಯಾಲಯದ ಬಿಮಲ್ ಕುಮಾರ್ ಬಚಾವತ್ ಅವರ ಜೊತೆ ಸೇರಿ ಪರೇಲ್‌ನ ಕೆಇಎಂ ಆಸ್ಪತ್ರೆಯ ಡಾ. ನೀಲಿಮಾ ಕ್ಷೀರಸಾಗರ್ ತಂಡ ಇದರ ದೇಶಿ ರೂಪವನ್ನು ರೋಗಿಗಳಲ್ಲಿ ಪರೀಕ್ಷಿಸಿತು. 1990ರ ದಶಕದಲ್ಲೇ ಅದರ ಫಲಿತಾಂಶಗಳು ಪ್ರಕಟವಾದವು. ಅದರ ಬೆಲೆ ನಮಗೆ ಅರ್ಥವಾಗಿದ್ದು 2021ರಲ್ಲಿ. ಕೋವಿಡ್ ಹಿಂದೆಯೇ ಬಂದ ಮ್ಯೂಕರ್, ನಾವು ಕಪ್ಪು ಶಿಲೀಂಧ್ರ ಅಂದದ್ದು, ಮೂಗಿನಿಂದ ಹೊರಟು ಇದೇ ಬುರುಡೆಯ ಬುಡಕ್ಕೆ ಹತ್ತಿತು. ಬಲಿಯಾದವರಲ್ಲಿ ಹೆಚ್ಚಿನವರು ಶುಗರ್ ಇದ್ದವರೇ. ಊರೂರಲ್ಲಿ ಜನ ಆಂಫೊಟೆರಿಸಿನ್‌ಗಾಗಿ ಅಲೆದಾಡಿದ್ದು ನೆನಪಿದೆಯಲ್ಲ?

ದೊಡ್ಡಪ್ಪನ ಕಥೆಗೆ ಬರೋಣ. ಅವರಿಗೆ ಎಂಆರ್‌ಐ ಮಾಡಿ, ಕಿವಿಯೊಳಗಿಂದ ಚೂರು ತೆಗೆದು ಬಯಾಪ್ಸಿಗೆ, ಕಲ್ಚರ್‌ಗೆ ಕಳಿಸಿದರು. ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರಬಹುದು, ಅದಕ್ಕೇ ಈ ಹೆಜ್ಜೆ ಬಿಡುವಂತಿಲ್ಲ. ಸ್ಯೂಡೋಮೋನಾಸ್ ಅಂತ ಖಚಿತವಾಯಿತು. ಎರಡನೇ ವಾರಕ್ಕೇ ನೋವು ಹೋಯಿತು. "ಇನ್ನ ಸಾಕಪಾ, ಊರಿಗಿ ಹೊಂಡತೀನಿ" ಅಂದರು. ಡಾಕ್ಟರ್ ಬಿಡಲಿಲ್ಲ. ನೋವು ಹೋದರೂ ಮೂಳೆಯಲ್ಲಿ ಸೋಂಕು ಉಳಿದಿರುತ್ತದೆ, ಆರರಿಂದ ಎಂಟು ವಾರ ಔಷಧಿ ನಡೆಯಲೇಬೇಕು ಅಂದರು. ಇಎಸ್‌ಆರ್ ಎಂಬ ಅಗ್ಗದ ರಕ್ತಪರೀಕ್ಷೆಯ ಅಂಕಿ ಇಳಿಯುವುದನ್ನು ವಾರವಾರ ಗುರುತು ಹಾಕಿಕೊಂಡೆವು. ಎಂಟು ವಾರ ಮುಗಿಸಿ ಅವರು ಊರಿಗೆ ಹೋದರು. ಬಾಯಿ ಇವತ್ತಿಗೂ ಪೂರ್ತಿ ನೆಟ್ಟಗಾಗಿಲ್ಲ. ನಾನು ಎರಡು ತಿಂಗಳು ಹನಿ ಹನಿ ಅಂದದ್ದರ ಲೆಕ್ಕ ಅದು.

1838ರಿಂದ ಇಲ್ಲಿಯವರೆಗೆ ಇಷ್ಟು ಜನ ಕಷ್ಟಪಟ್ಟು ಕಟ್ಟಿದ ಜ್ಞಾನ, ಸಮಯಕ್ಕೆ ಆಸ್ಪತ್ರೆ ತಲುಪಿದವರಿಗೆ ಮಾತ್ರ ಉಪಯೋಗ. ಶುಗರ್ ಇರುವ ಹಿರಿಯರು ರಾತ್ರಿ ನಿದ್ದೆಗೆಡಿಸುವ ಕಿವಿನೋವು ಅಂದರೆ, ಹನಿ ಹಾಕಿಯೂ ಎರಡು ವಾರದಲ್ಲಿ ಇಳಿಯದಿದ್ದರೆ, ಕಿವಿ-ಮೂಗು-ಗಂಟಲು ತಜ್ಞರ ಹತ್ತಿರ ಕರೆದೊಯ್ಯಿರಿ. ಮುಖ ವಾಲಿದರೆ ಆ ದಿನವೇ ಆಸ್ಪತ್ರೆಗೆ. ಇವತ್ತು ರಾತ್ರಿ ಊರಿಗೆ ಫೋನ್ ಮಾಡಿದಾಗ "ಊಟ ಆಯ್ತಾ" ಜೊತೆಗೆ "ಕಿವಿ ಹೇಗಿದೆ" ಅಂತಲೂ ಒಂದು ಮಾತು ಕೇಳಿ. ಮುಂದಿನ ವಾರ ಸಿಗೋಣ.