ಗಣಕಯಂತ್ರದ ನೌಕಾಯುದ್ಧವೂ ಹೊನ್ನಾವರದ ಐವತ್ತೆರಡು ಹಡಗುಗಳೂ

ಹೊಳಲಿನಿಂದ ಕಡಲು ಬಹು ದೂರ. ತುಂಗಭದ್ರೆಯನ್ನು ಬಿಟ್ಟರೆ ಹಡಗಲಿ ಸೀಮೆಯವರಾದ ನಮಗೆ ದೊಡ್ಡ ನೀರಿನ ಪರಿಚಯವಿಲ್ಲ. ನಮ್ಮೂರಿನ ಅನಂತಶಯನಸ್ವಾಮಿಯು ಪವಡಿಸಿರುವ ಕ್ಷೀರಸಾಗರವು ಕಲ್ಲಿನದು. ಹೀಗಿರುವಲ್ಲಿ ನೌಕಾಯುದ್ಧದ ಮಾತನ್ನು, ಅದರಲ್ಲಿಯೂ ಗಣಕಯಂತ್ರದ ತೆರೆಯ ಮೇಲೆ ಆಡುವ ನೌಕಾಯುದ್ಧದ ಮಾತನ್ನು, ಈ ಪತ್ರಿಕೆಯಲ್ಲಿ ಎತ್ತುವದು ಅಪ್ರಸ್ತುತವೆಂದು ಕೆಲವರಿಗೆ ತೋರಬಹುದು. ಆದರೆ ಇಂಥ ಆಟಗಳಿಂದಲೇ ಇತಿಹಾಸದ ಮೊದಲ ಪಾಠವನ್ನು ಪಡೆಯುತ್ತಿರುವ ಹುಡುಗರನ್ನು ನಾನು ನಮ್ಮ ಮನೆಗಳಲ್ಲಿಯೇ ಕಂಡಿರುವೆನು. ಗ್ರಂಥದಲ್ಲಿ ತಪ್ಪಿದ್ದರೆ ಓದುವವನು ಅನುಮಾನಪಟ್ಟಾನು. ತಾನೇ ಆಡಿ ಗೆದ್ದುದನ್ನು ಯಾರೂ ಅನುಮಾನಿಸುವದಿಲ್ಲ. ಆದುದರಿಂದ ಇಂಥ ಆಟವನ್ನು ರಚಿಸುವವನ ಹೊಣೆಯೇನೆಂಬದನ್ನು ಇತಿಹಾಸಾಭ್ಯಾಸಿಗಳು ವಿಚಾರಿಸತಕ್ಕದ್ದೇ ಸರಿ.

ಈ ಆಟಗಳಲ್ಲಿ ಒಂದೊಂದು ಕಾಳಗಕ್ಕೂ ಒಂದೊಂದು ಕಟ್ಟಿರುವದು. ಯಾವ ಸಮುದ್ರ, ಯಾವ ತಿಂಗಳು, ಯಾರ ಕಡೆಗೆ ಎಷ್ಟು ಹಡಗು, ಯಾರಿಗೆ ಏನು ಆಜ್ಞೆ, ಎಷ್ಟು ಹೊತ್ತಿನೊಳಗೆ ಏನು ನಡೆದರೆ ಗೆಲವು, ಇವೆಲ್ಲವೂ ಮೊದಲೇ ನಿಶ್ಚಿತವಾಗಿರುವವು. ಆಂಗ್ಲರು ಇದನ್ನು ಸಿನಾರಿಯೊ ಎನ್ನುವರು, ನಾನು ಪ್ರಸಂಗವೆನ್ನುವೆನು. ಬಯಲಾಟದ ಸೀಮೆಯಲ್ಲಿ ಈ ಶಬ್ದಕ್ಕೆ ವ್ಯಾಖ್ಯಾನ ಬೇಕಾಗಲಿಕ್ಕಿಲ್ಲ. ಆದರೆ ಒಂದು ಭೇದವುಂಟು. ದೊಡ್ಡಾಟದಲ್ಲಿ ಕರ್ಣನ ಪಾತ್ರಧಾರಿಯು ಎಷ್ಟು ಚೆನ್ನಾಗಿ ಕುಣಿದರೂ ಬೆಳಗಾಗುವದರೊಳಗೆ ಕರ್ಣನು ಬೀಳಲೇಬೇಕು. ಯುದ್ಧಕ್ರೀಡೆಯ ಪ್ರಸಂಗದಲ್ಲಿಯಾದರೋ ಯಾರು ಬೀಳುವರೆಂಬದು ಪ್ರಸಂಗಕರ್ತನಿಗೂ ತಿಳಿದಿರಕೂಡದು. ಅದು ತಿಳಿದುಹೋದರೆ ಅದು ಯುದ್ಧವೂ ಅಲ್ಲ, ಇತಿಹಾಸವೂ ಅಲ್ಲ, ಬರಿಯ ಮೆರವಣಿಗೆ.

ಯುದ್ಧವನ್ನು ಆಟವಾಗಿಸುವ ವಿದ್ಯೆಯು ನಮಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರಾಜವಿನೋದಗಳ ನಡುವೆ ಚತುರಂಗವೂ ಸೇರಿದೆ. ವಂಗದೇಶದಲ್ಲಿ ನಾಲ್ವರು ಕೂಡಿ ಆಡುತ್ತಿದ್ದ ಚತುರಂಗದಲ್ಲಿ ರಥದ ಸ್ಥಾನಕ್ಕೆ ನೌಕೆಯೇ ಬಂದಿತ್ತು. ನದಿಗಳ ನಾಡಿನವರಿಗೆ ರಥಕ್ಕಿಂತ ದೋಣಿ ಹತ್ತಿರವಷ್ಟೆ. ಪಾಶ್ಚಾತ್ಯರಲ್ಲಿ 1880ರ ದಶಕದಿಂದ ಅಮೇರಿಕದ ನೌಕಾಯುದ್ಧ ವಿದ್ಯಾಲಯದಲ್ಲಿ ಇಂಥ ಕ್ರೀಡೆಯು ಪಾಠದ ಅಂಗವಾಯಿತು; 1898ರಲ್ಲಿ ಫ್ರೆಡ್ ಜೇನ್ ಎಂಬ ಆಂಗ್ಲನು ಮನೆಯಲ್ಲಿ ಆಡಬಹುದಾದ ನೌಕಾಕ್ರೀಡೆಯನ್ನು ಪ್ರಕಟಿಸಿದನು. ಅಮೇರಿಕದ ನೌಕಾಪಡೆಯಲ್ಲಿದ್ದ ಲ್ಯಾರಿ ಬಾಂಡ್ ಎಂಬವನ ಹಾರ್ಪೂನ್ ಎಂಬ ಆಟವು 1980ರಲ್ಲಿ ಕಾಗದದ ಮೇಲೆ ಬಂದು, 1989ರಲ್ಲಿ ಗಣಕಯಂತ್ರವನ್ನು ಸೇರಿತು. 2013ರಲ್ಲಿ ಹೊರಬಂದ ಕಮಾಂಡ್ ಎಂಬ ಆಟದಲ್ಲಿ ಆಟಗಾರರು ತಾವೇ ಪ್ರಸಂಗಗಳನ್ನು ಕಟ್ಟಲು ಅನುಕೂಲವಿದೆ. ಇನ್ನು ಪ್ರಶ್ನೆಯೆಂದರೆ, ಕನ್ನಡ ಕರಾವಳಿಯ ಒಂದು ಕಾಳಗವನ್ನು ಹಾಗೆ ಕಟ್ಟಬೇಕಾದರೆ ಏನೇನು ತಿಳಿದಿರಬೇಕು?

ಇದಕ್ಕೆ ಹೊನ್ನಾವರದವರ ಸಂದಾಪುರದ ದಂಡಯಾತ್ರೆಗಿಂತ ಒಳ್ಳೆಯ ಉದಾಹರಣೆ ನನಗೆ ತೋರದು. ಮೊರಾಕ್ಕೊ ದೇಶದ ಪ್ರವಾಸಿ ಇಬ್ನ್ ಬತೂತನು ಈ ಯಾತ್ರೆಯಲ್ಲಿ ತಾನೇ ಇದ್ದನು. ಕಂಡುದನ್ನು ಹೇಳಿ ಬರೆಯಿಸಿರುವನು. ಹೊನ್ನಾವರವನ್ನು ಆಳುತ್ತಿದ್ದ ಸುಲ್ತಾನ ಜಮಾಲುದ್ದೀನನಿಗೆ ಸುಮಾರು 6000 ಸೈನಿಕರಿದ್ದರೆಂದೂ, ಅವನ ನೌಕಾಬಲದ ಭಯದಿಂದ ಮಲೆಯಾಳದವರು ವರ್ಷವರ್ಷವೂ ಕಾಣಿಕೆ ಕೊಡುತ್ತಿದ್ದರೆಂದೂ, ಈ ಸುಲ್ತಾನನು ಹರ್ಯಬನೆಂಬ ರಾಜನಿಗೆ ಅಧೀನನಾಗಿದ್ದನೆಂದೂ ಅವನ ಹೇಳಿಕೆ. ಈ ಹರ್ಯಬನು ವಿಜಯನಗರದ ಮೊದಲನೆಯ ಹರಿಹರನೆಂದು ವಿದ್ವಾಂಸರು ಊಹಿಸುವರು. ಹಂಪೆಯ ನೆರೆಯವರಾದ ನಮಗೆ ಈ ಕಾಳಗವು ಅಷ್ಟೇನೂ ದೂರದ್ದಲ್ಲವೆಂದಾಯಿತು.

ಇಂದಿನ ಗೋವೆಯ ನದೀಮುಖದಲ್ಲಿದ್ದ ಸಂದಾಪುರದಲ್ಲಿ ಅರಸನಿಗೂ ಅವನ ಮಗನಿಗೂ ಕಲಹ ಹುಟ್ಟಿ, ಮಗನು ಹೊನ್ನಾವರದ ನೆರವನ್ನು ಬೇಡಿದನು. ಜಮಾಲುದ್ದೀನನು 52 ಹಡಗುಗಳನ್ನು ಸಜ್ಜುಗೊಳಿಸಿದನು. ಶನಿವಾರ ಹೊರಟವರು ಸೋಮವಾರ ಸಂಜೆಗೆ ಸಂದಾಪುರದ ಹಿನ್ನೀರನ್ನು ಹೊಕ್ಕರು. ಊರವರು ಆಗಲೇ ಕಲ್ಲೆಸೆಯುವ ಯಂತ್ರಗಳನ್ನು ಹೂಡಿಕೊಂಡು ಕಾದಿದ್ದರು. ರಾತ್ರಿ ಅಲ್ಲಿಯೇ ತಂಗಿ, ಬೆಳಗಾಗುತ್ತಲೆ ನಗಾರಿ ಕಹಳೆಗಳೊಡನೆ ಹಡಗುಗಳು ಮುಂದೊತ್ತಿದವು. ಸುಲ್ತಾನನ ಹತ್ತಿರವೇ ನಿಂತಿದ್ದವನೊಬ್ಬನಿಗೆ ಕಲ್ಲು ಬಡಿದುದನ್ನು ಇಬ್ನ್ ಬತೂತನು ಕಂಡನು. ಕತ್ತಿ ಗುರಾಣಿ ಹಿಡಿದು ಜನರು ನೀರಿಗೆ ಧುಮುಕಿದರು, ತಾನೂ ಧುಮುಕಿದೆನೆನ್ನುವನು. ಹಿಂಭಾಗ ತೆರೆದಿದ್ದ ಎರಡು ವಿಶೇಷ ಹಡಗುಗಳಲ್ಲಿ ಕುದುರೆಗಳಿದ್ದವು. ಸವಾರರು ಹಡಗಿನೊಳಗೇ ಕುದುರೆಯೇರಿ ಕವಚ ತೊಟ್ಟು ನೇರವಾಗಿ ದಡಕ್ಕೆ ಬಂದರು. ಊರು ಕೈಸೇರಿತು.

ಪ್ರಸಂಗಕರ್ತನು ಇಲ್ಲಿಂದ ಏನನ್ನು ತೆಗೆದುಕೊಳ್ಳಬೇಕು? ಅನನುಭವಿಯಾದವನು ಐವತ್ತೆರಡು ಹಡಗು, ಕಲ್ಲೆಸೆಯುವ ಯಂತ್ರ, ಕುದುರೆ ಇಷ್ಟನ್ನೇ ತೆಗೆದುಕೊಳ್ಳುವನು. ನನ್ನ ಮತದಲ್ಲಿ ಇವು ಕೊನೆಯವು. ಮೊದಲನೆಯದು ವೇಗ. ಹೊನ್ನಾವರದಿಂದ ಗೋವೆಗೆ ಜಲಮಾರ್ಗವು 80–90 ಮೈಲು. ಶನಿವಾರದಿಂದ ಸೋಮವಾರ ಸಂಜೆಯವರೆಗೆ ಎರಡು ರಾತ್ರಿ ಕಳೆದುವು. ಭಾಗಿಸಿ ನೋಡಿದರೆ ತಾಸಿಗೆ ಎರಡು ಮೈಲಿಗೂ ಕಡಿಮೆ. ಜಾತ್ರೆಗೆ ಹೋಗುವ ಚಕ್ಕಡಿಯ ನಡಿಗೆ! ರಾತ್ರಿ ಲಂಗರು ಹಾಕಿದ್ದರೋ, ಕುದುರೆಗಳ ಹಡಗುಗಳಿಗಾಗಿ ಮಿಕ್ಕವು ನಿಧಾನಿಸಿದುವೋ, ಗಾಳಿಯೇ ಬಿದ್ದುಹೋಗಿತ್ತೋ, ಅದು ವಾದದ ವಿಷಯ. ಆದರೆ ತೆರೆಯ ಮೇಲೆ ಅವೇ ಹಡಗುಗಳನ್ನು ಅರ್ಧ ದಿನದಲ್ಲಿ ಗೋವೆಗೆ ಮುಟ್ಟಿಸುವವನು ಇಡಿಯ ಕಾಳಗವನ್ನೇ ಕೆಡಿಸುವನು. ಏಕೆಂದರೆ ಈ ನಿಧಾನದಿಂದಲೇ ಎರಡನೆಯ ಸಂಗತಿ ಹುಟ್ಟುವದು: ಸುದ್ದಿಯು ಹಡಗಿಗಿಂತ ಮುಂದೆ ಹೋಯಿತು. ಸಂದಾಪುರದವರು ಯಂತ್ರ ಹೂಡಿ ಕುಳಿತಿದ್ದುದು ಶಕುನ ನೋಡಿ ಅಲ್ಲ.

ಮೂರನೆಯದು ಕಾಲ. ಗೆದ್ದ ದಿನವನ್ನು ಆ ಪ್ರವಾಸಿಯು ತನ್ನ ಪಂಚಾಂಗದಂತೆ ಜಮಾದಿಲಾವಲ್ ತಿಂಗಳ 13ನೆಯ ದಿನವೆಂದು ಕೊಡುವನು. ವರ್ಷದ ವಿಷಯದಲ್ಲಿ ಭಿನ್ನಾಭಿಪ್ರಾಯವುಂಟು, 1342ರಿಂದ 1344ರೊಳಗಿನದೆನ್ನುವರು. ಯಾವ ವರ್ಷವನ್ನು ಹಿಡಿದರೂ ಆ ದಿನವು ಸೆಪ್ಟೆಂಬರದ ಉತ್ತರಾರ್ಧ ಇಲ್ಲವೆ ಅಕ್ಟೋಬರದಲ್ಲಿ ಬೀಳುವದು. ಅಂದರೆ ನೈರುತ್ಯದ ಮಳೆ ಹಿಂದೆಗೆದು ಕಡಲು ತೆರೆಯುವ ಹೊತ್ತು. ಜಲಮಾರ್ಗವು ಸಾರ್ವಕಾಲಿಕವಲ್ಲವೆಂದು ಕೌಟಿಲ್ಯನು ಅರ್ಥಶಾಸ್ತ್ರದ ಏಳನೆಯ ಅಧಿಕರಣದಲ್ಲಿ ಆಕ್ಷೇಪಿಸಿರುವದು ಬರಿಯ ಶಾಸ್ತ್ರವಾದವಲ್ಲ. ಇನ್ನೂ ಒಂದು ಮಾತು: ಅವರ ತಿಂಗಳು ಚಂದ್ರದರ್ಶನದಿಂದ ಮೊದಲಾಗುವದರಿಂದ 13ನೆಯ ದಿನವೆಂದರೆ ನಮ್ಮ ಎಣಿಕೆಗೆ ಹುಣ್ಣಿಮೆಯ ಆಸುಪಾಸು. ಸೋಮವಾರದ ರಾತ್ರಿ ಹಿನ್ನೀರಿನಲ್ಲಿ ತಂಗಿದವರಿಗೆ ಬೆಳದಿಂಗಳಿರಬೇಕು, ಕಡಲಿನ ಏರಿಳಿತವು ದೊಡ್ಡದಿರಬೇಕು. ಹೊಳೆಯ ಬಾಯಿಯನ್ನು ಹೊಗುವ ಹಡಗಿಗೆ ಉಬ್ಬರದ ಎತ್ತರವು ಪ್ರಾಣದ ಪ್ರಶ್ನೆ. ಇಷ್ಟನ್ನು ನಮಗೆ ಹೇಳಿದುದು ಒಂದು ತಿಥಿ! ಪ್ರಸಂಗಕರ್ತನ ಮೇಜಿನ ಮೇಲೆ ಹಡಗುಗಳ ಪಟ್ಟಿಗಿಂತ ಮೊದಲು ಪಂಚಾಂಗವಿರಬೇಕೆಂದು ನಾನು ಹಟ ಹಿಡಿಯುವದು ಇದಕ್ಕಾಗಿಯೇ.

ಕೊನೆಯದು ಗೆಲವಿನ ಲಕ್ಷಣ. ಊರು ಹಿಡಿದ ಕೂಡಲೆ ಆಟ ಮುಗಿಯಿತೆಂದರೆ ಜಮಾಲುದ್ದೀನನು ಜಯಶಾಲಿ. ಆದರೆ ಕೆಲವು ತಿಂಗಳುಗಳ ಮೇಲೆ ಇಬ್ನ್ ಬತೂತನು ಮರಳಿ ಬಂದಿದ್ದಾಗ ಸಂದಾಪುರದ ಹಳೆಯ ಅರಸನು ಅದೇ ಊರಿಗೆ ಮುತ್ತಿಗೆ ಹಾಕಿದನು. ಪ್ರವಾಸಿಯು ಮೆಲ್ಲನೆ ಜಾರಿಕೊಂಡನು. ಹಾಗಾದರೆ ಗೆದ್ದವರು ಯಾರು?

ಇದೆಲ್ಲ ಹಾಯಿಹಡಗಿನ ಕಾಲದ ಮಾತೆಂದು ಯಾರಾದರೂ ಅಂದಾರು. ಕ್ಷಿಪಣಿಯ ಕಾಲದಲ್ಲಿಯೂ ಬೇರೆಯಾಗಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಭಾರತದ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಕ್ಷಿಪಣಿದೋಣಿಗಳು ಕರಾಚಿಯ ಮೇಲೆ ಎರಗಿದವು. ಆ ದಿನ ಹಗಲೆಲ್ಲ ಅವು ಕರಾಚಿಗೆ ದಕ್ಷಿಣದಲ್ಲಿ, ವೈರಿಯ ವಿಮಾನಗಳ ಕಣ್ಣಳತೆಯ ಆಚೆ, ಸುಮ್ಮನೆ ಕಾದಿದ್ದುವು. ಇರುಳಿನಲ್ಲಿ ದಾಳಿಮಾಡುವ ಸಾಮರ್ಥ್ಯವು ಆ ವಿಮಾನಗಳಲ್ಲಿ ಬಹುಪಾಲಿಗೆ ಇರಲಿಲ್ಲ. ದೋಣಿಗಳ ಹೊಟ್ಟೆಯೂ ಚಿಕ್ಕದಾದುದರಿಂದ ಪೋಷಕ್ ಎಂಬ ತೈಲನೌಕೆಯು ಸಂಗಡ ಹೋಗಬೇಕಾಯಿತು, ಅನ್ವರ್ಥನಾಮ. ಹುಣ್ಣಿಮೆ ಕಳೆದು ಎರಡೇ ದಿನವಾಗಿತ್ತೆಂಬದನ್ನೂ ಪಂಚಾಂಗವು ಹೇಳುವದು. ಈ ಕಾರ್ಯವನ್ನು ಪ್ರಸಂಗವಾಗಿ ಕಟ್ಟುವವನು ಕ್ಷಿಪಣಿಯ ಹೊಡೆತವನ್ನು ಕೂದಲೆಳೆಯಷ್ಟು ಸರಿಯಾಗಿ ಲೆಕ್ಕಹಾಕಿ, ಸೂರ್ಯಾಸ್ತವನ್ನೂ ಎಣ್ಣೆಯನ್ನೂ ಮರೆತರೆ ಏನು ಫಲ? ಈ ಜಾತಿಯ ದೋಣಿಗಳಲ್ಲೊಂದಾದ ಚಪಲ್ ಎಂಬದನ್ನು ಕಾರವಾರದ ಕಡಲದಂಡೆಯಲ್ಲಿ ಪ್ರದರ್ಶನಕ್ಕೆ ನಿಲ್ಲಿಸಿರುವರು. ಹತ್ತಿ ನೋಡಿದವರಿಗೆ ಅದರ ಸಣ್ಣತನವೇ ಮೊದಲು ಕಣ್ಣಿಗೆ ಬೀಳುವದು.

ಕಾರವಾರದಲ್ಲಿಯೇ 2005ರಲ್ಲಿ ಕದಂಬ ನೌಕಾನೆಲೆಯು ಸ್ಥಾಪಿತವಾಯಿತು. ಆ ಕಡಲನ್ನು ಆಟಕ್ಕೆ ತರುವವರು ಅಲ್ಲಿ ಯುದ್ಧನೌಕೆಗಳನ್ನು ಮಾತ್ರ ಇಡುವದು ವಾಡಿಕೆ. ನಿಜವಾದ ಕಡಲಿನಲ್ಲಿಯಾದರೋ ಎಲ್ಲಿ ನೋಡಿದರಲ್ಲಿ ಮೀನುಗಾರರು. ಜೂನ್ 1ರಿಂದ ಜುಲಾಯಿ 31ರ ವರೆಗೆ 61 ದಿನ ಯಂತ್ರದೋಣಿಗಳಿಗೆ ಮೀನುಗಾರಿಕೆಯ ನಿಷೇಧವಿರುವದರಿಂದ ಜುಲಾಯಿಯ ಕಡಲು ಹೆಚ್ಚುಕಡಿಮೆ ಬರಿದು. ಆಗಸ್ಟಿನಲ್ಲಿ ತುಂಬಿ ತುಳುಕುವದು. ಅಷ್ಟು ದೋಣಿಗಳ ನಡುವೆ ವೈರಿಯು ಯಾರೆಂದು ಗುರುತಿಸುವದೇ ಯುದ್ಧದ ಅರ್ಧ. 2008ರ ನವೆಂಬರದಲ್ಲಿ ಮುಂಬಯಿಗೆ ಬಂದ ಘಾತಕರು ಕುಬೇರ್ ಎಂಬ ಮೀನಿನ ದೋಣಿಯನ್ನು ಅಪಹರಿಸಿ ಅದರಲ್ಲಿಯೇ ಬಂದುದನ್ನು ಯಾರು ಮರೆತಾರು? ನೀರಿನ ಒಳಗೂ ಹೀಗೆಯೇ. ಮಧ್ಯಾಹ್ನದ ಬಿಸಿಲಿಗೆ ಮೇಲಿನ ನೀರು ಕಾದರೆ ಶಬ್ದದ ಅಲೆಯು ಕೆಳಗಿನ ತಂಪಿನ ಕಡೆಗೆ ಬಾಗುವದು. ಬೆಳಿಗ್ಗೆ ದೂರದ ಜಲಾಂತರ್ಗಾಮಿಯನ್ನು ಕೇಳಿಸಿಕೊಂಡ ಯಂತ್ರವೇ ಮಧ್ಯಾಹ್ನಕ್ಕೆ ಕಿವುಡಾಗುವದು.

ಅಜ್ಞಾನವನ್ನು ಹೀಗೆ ಆಟದೊಳಗೆ ತರುವದೇ ಕಠಿಣ ವಿದ್ಯೆ. 1942ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ನೌಕಾಧಿಕಾರಿಯು ಕೆಲವರು ತರುಣಿಯರೊಡನೆ ಇದನ್ನು ಸಾಧಿಸಿದನು. ನೆಲದ ಮೇಲೆ ಸಮುದ್ರವನ್ನು ಬರೆದು, ಆಟಗಾರನನ್ನು ಪರದೆಯ ಹಿಂದೆ ನಿಲ್ಲಿಸಿ, ಅವನ ಹಡಗಿನಿಂದ ಎಷ್ಟು ಕಂಡೀತೋ ಅಷ್ಟನ್ನೇ ಒಂದು ಕಿಂಡಿಯಿಂದ ತೋರಿಸುತ್ತಿದ್ದರು. ಜರ್ಮನ್ ಜಲಾಂತರ್ಗಾಮಿಗಳು ಹೊರಗಿನಿಂದಲ್ಲ, ವ್ಯಾಪಾರಿ ಹಡಗುಗಳ ಸಾಲಿನ ಒಳಗೇ ಹೊಕ್ಕು ಹೊಡೆಯುತ್ತಿರುವವೆಂಬ ಗುಟ್ಟು ಆ ನೆಲದ ಮೇಲೆಯೇ ಹೊರಬಿದ್ದಿತು. ಸುಮಾರು 5000 ಅಧಿಕಾರಿಗಳು ಅಲ್ಲಿ ಕಲಿತುಹೋದರು.

ಅದೇ ವರ್ಷದ ಮೇ ತಿಂಗಳಲ್ಲಿ ಜಪಾನೀಯರೂ ಯಾಮಾತೊ ಎಂಬ ಹಡಗಿನಲ್ಲಿ ಮಿಡ್‌ವೇ ದ್ವೀಪದ ಮೇಲಿನ ದಾಳಿಯನ್ನು ಆಡಿ ನೋಡಿದರು. ದಾಳ ಉರುಳಿಸಿದ ಒಕುಮಿಯಾ ಎಂಬ ಅಧಿಕಾರಿಯ ತೀರ್ಪಿನಂತೆ ಅವರ ವಿಮಾನವಾಹಕಗಳ ಮೇಲೆ ಒಂಬತ್ತು ಬಾಂಬು ಬಿದ್ದು ಅಕಾಗಿ, ಕಾಗಾ ಎರಡೂ ಮುಳುಗಬೇಕಾಗಿತ್ತು. ಮಧ್ಯಸ್ಥನಾಗಿದ್ದ ಉಗಾಕಿಯು ಒಂಬತ್ತನ್ನು ಮೂರಕ್ಕೆ ಇಳಿಸಿ ಅಕಾಗಿಯನ್ನು ತೇಲಿಸಿದನು. ಕಾಗಾ ಕೂಡ ಮುಂದಿನ ಆಟದಲ್ಲಿ ಎದ್ದುಬಂದಿತು. ಇದನ್ನು ಯುದ್ಧಾನಂತರ ಬರೆದಿಟ್ಟವರು ಶತ್ರುಗಳಲ್ಲ. ದಾಳ ಉರುಳಿಸಿದವನೇ ಆ ಗ್ರಂಥದ ಲೇಖಕರಲ್ಲೊಬ್ಬ. ಜೂನ್ ಮೊದಲ ವಾರದ ನಿಜವಾದ ಯುದ್ಧದಲ್ಲಿ ಈ ಎರಡೂ, ಇವಲ್ಲದೆ ಸೋರ್ಯು, ಹಿರ್ಯು ಎಂಬ ಮತ್ತೆರಡೂ, ಮುಳುಗಿಹೋದುವು.

ಇನ್ನು ನಮ್ಮವರ ಕಡೆಗೆ ಬರುವೆನು. ಬೆಂಗಳೂರಿನಲ್ಲಿ ಗಣಕದ ಉದ್ಯೋಗದಲ್ಲಿರುವ ನನ್ನ ಹಳೆಯ ಶಿಷ್ಯನೊಬ್ಬನು ಇಮ್ಮಡಿ ಪುಲಕೇಶಿಯ ಪುರೀಮುತ್ತಿಗೆಯನ್ನು ಪ್ರಸಂಗವಾಗಿ ರಚಿಸಿ, ಹೋದ ದೀಪಾವಳಿಗೆ ಬಂದಾಗ ತೋರಿಸಿದನು. ಚಾಲುಕ್ಯರಿಗೆ 300 ಹಡಗು, ಎದುರಾಳಿಗೆ 20. ನಿರ್ಮಲವಾದ ಆಕಾಶ, ಕನ್ನಡಿಯಂಥ ಕಡಲು. ಹೇಗೆ ಆಡಿದರೂ ಮಧ್ಯಾಹ್ನದೊಳಗೆ ಪುಲಕೇಶಿಗೆ ಜಯ. ಹುಡುಗನ ಕನ್ನಡಾಭಿಮಾನವು ನನಗೆ ಪ್ರಿಯವಾದುದೇ. ಆದರೆ ಉಗಾಕಿಯ ದೇಶಾಭಿಮಾನಕ್ಕೂ ಇದಕ್ಕೂ ಏನಂತರವೆಂದು ಕೇಳಿದೆನು.

ಆಧಾರವೇನಿರುವದು? ಐಹೊಳೆಯ ಮೇಗುತಿ ಗುಡಿಯಲ್ಲಿ 634ರ ರವಿಕೀರ್ತಿಯ ಶಾಸನ. ನೂರಾರು ಹಡಗುಗಳೊಡನೆ ಪಶ್ಚಿಮಸಮುದ್ರದ ಪುರಿಯನ್ನು ರಾಜನು ಮುತ್ತಿದನೆಂಬ ಒಂದು ಶ್ಲೋಕ. ಹಡಗುಗಳಿಗೆ ಮದ್ದಾನೆಗಳ ಉಪಮೆ. ರವಿಕೀರ್ತಿಯು ತನ್ನನ್ನು ಕಾಳಿದಾಸ ಭಾರವಿಗಳ ಸಾಲಿನಲ್ಲಿ ಇಟ್ಟುಕೊಂಡ ಕವಿ, ಎಣಿಕೆಯಲ್ಲಿ ಸಂಕೋಚಪಡುವವನಲ್ಲ. ಮುತ್ತಿಗೆ ನಡೆದುದನ್ನು ನಂಬಲು ಅಡ್ಡಿಯಿಲ್ಲ. ಆದರೆ ತಿಂಗಳು, ತಿಥಿ, ಹಡಗಿನ ರೂಪ, ಎದುರಾಳಿಯ ಬಲ ಇವಾವವನ್ನೂ ಶಾಸನವು ಹೇಳದು. ಆ ಪುರಿಯು ಮುಂಬಯಿ ಬಂದರದ ಘಾರಾಪುರಿಯೆಂದು ಕೆಲವರು, ಜಂಜೀರದ ಬಳಿಯ ರಾಜಪುರಿಯೆಂದು ಕೆಲವರು. ಹೀಗಿರುವಾಗ ಪ್ರಸಂಗವು ಒಂದಲ್ಲ, ಎರಡಾಗಬೇಕು. ಘಾರಾಪುರಿಯ ಸುತ್ತಣ ನೀರು ಆಳವಿಲ್ಲದ್ದು, ಅಡಿಯೆಲ್ಲ ಕೆಸರು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ 12 ಅಡಿಗೂ ಮಿಕ್ಕಿ ಏರಿಳಿಯುವದು. ಇಳಿತದ ಹೊತ್ತಿಗೆ ದಡಕ್ಕೆ ಬಂದ ಮದ್ದಾನೆಗಳು ಹುದುಲಿನಲ್ಲಿ ಹೂತು ನಿಲ್ಲುವವು.

ಶಿಷ್ಯನು ಮೊದಲು ಮುಖ ಸಣ್ಣಗೆ ಮಾಡಿದನು. ಆಮೇಲೆ ಯುಗಾದಿಯ ಹೊತ್ತಿಗೆ ಪತ್ರ ಬರೆದನು: ಎರಡು ಪುರಿಗಳಿಗೂ ಬೇರೆಬೇರೆ ಪ್ರಸಂಗ ಕಟ್ಟಿರುವನಂತೆ, ತಿಥಿಯನ್ನು ಆಟಗಾರನೇ ಆರಿಸಬೇಕಂತೆ, ವೈರಿಯ ಹಡಗುಗಳ ಸಂಖ್ಯೆಯನ್ನು ಯಂತ್ರವು ಪ್ರತಿ ಸಲವೂ 20ರಿಂದ 120ರೊಳಗೆ ತಾನೇ ನಿಶ್ಚಯಿಸಿ ಮುಚ್ಚಿಡುವದಂತೆ. ಘಾರಾಪುರಿಯಲ್ಲಿ ಚಾಲುಕ್ಯರ ಪಕ್ಷದಲ್ಲಿ ತಾನೇ ಆಡಿ ಎರಡು ಸಲ ಕೆಸರಿನಲ್ಲಿ ಸಿಕ್ಕಿ ಸೋತು, ಮೂರನೆಯ ಸಲ ಅಷ್ಟಮಿಯಂದು ಹೊರಟು ಗೆದ್ದನಂತೆ. ರಾಜಪುರಿಯದು ಇನ್ನೂ ಮುಗಿದಿಲ್ಲ. ಆ ಹಿನ್ನೀರಿನ ಆಳದ ನಕ್ಷೆಯನ್ನು ಹುಡುಕುತ್ತಿರುವನು.