ಒಡಕು ಬಳೆಗಳ ಊರು

ದೇಶವಿಭಜನೆಯಲ್ಲಿ ಲಾಹೋರ್ ಪಾಕಿಸ್ತಾನಕ್ಕೆ ಸೇರಿದ್ದರಿಂದ ಭಾರತದ ಪಂಜಾಬಿಗೆ ಹೊಸ ರಾಜಧಾನಿಯೊಂದು ಬೇಕಾಯಿತು. ಶಿವಾಲಿಕ ಬೆಟ್ಟಗಳ ತಪ್ಪಲಿನಲ್ಲಿ ಚಂಡೀಗಢ ತಲೆಯೆತ್ತಿತು. ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಸೆಕ್ಟರುಗಳಾಗಿ, ಅಂದರೆ ಮನೆ, ಅಂಗಡಿ, ಶಾಲೆಗಳೆಲ್ಲ ತನ್ನೊಳಗೇ ಇರುವ ಆಯತಾಕಾರದ ಬಡಾವಣೆಗಳಾಗಿ, ರೂಪಿಸಿದ ಈ ನಗರಕ್ಕೆ ಜಾಗ ಮಾಡಿಕೊಡಲು ಅಲ್ಲಿದ್ದ ಹಲವು ಹಳ್ಳಿಗಳನ್ನು ಕೆಡವಲಾಯಿತು. ಆ ಹಳ್ಳಿಗಳ ಒಡೆದ ಮಡಕೆ, ಹಂಚು, ಗಾಜುಗಳನ್ನು ಆಯ್ದು ಇಟ್ಟವರು ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ತಪಾಸಣಾಧಿಕಾರಿಯಾಗಿದ್ದ ನೇಕ್ ಚಂದ್ (1924–2015). ವಿಭಜನೆಯ ಗಡಿಯಾಚೆ ಉಳಿದ ಹಳ್ಳಿಯಿಂದ ವಲಸೆ ಬಂದಿದ್ದ ಅವರಿಗೆ ಊರು ಅಳಿಸಿಹೋಗುವುದೆಂದರೇನೆಂಬುದು ತಿಳಿದ ಸಂಗತಿಯೇ ಆಗಿತ್ತು.

1950ರ ದಶಕದ ಕೊನೆಯಿಂದ ಅವರು ಕೆಲಸದ ವೇಳೆ ಮುಗಿದ ಮೇಲೆ ಸೈಕಲ್ಲಿನಲ್ಲಿ ಕಲ್ಲು, ಕಸ ಹೇರಿಕೊಂಡು ಸುಖ್ನಾ ಕೆರೆಯ ಬಳಿಯ ಕಾಡುಕಮರಿಗೆ ಒಯ್ಯುತ್ತಿದ್ದರು. ಅದು ಕಟ್ಟಡ ನಿಷಿದ್ಧವಾದ ಸರ್ಕಾರಿ ಅರಣ್ಯಭೂಮಿಯಾದ್ದರಿಂದ ಎಲ್ಲವೂ ಗುಟ್ಟಾಗಿ ನಡೆಯಬೇಕಾಗಿತ್ತು. ಸೈಕಲ್ಲಿನ ಚೌಕಟ್ಟು, ಕಬ್ಬಿಣದ ಸರಳುಗಳನ್ನು ಹಂದರವಾಗಿ, ಅಂದರೆ ಮೂರ್ತಿಯ ಒಳಗಿನ ಎಲುಬಾಗಿ, ನಿಲ್ಲಿಸಿ ಅದಕ್ಕೆ ಸಿಮೆಂಟು ಮೆತ್ತಿ, ಸಿಮೆಂಟು ಹಸಿಯಿರುವಾಗಲೇ ಒಡೆದ ಬಳೆ, ಪಿಂಗಾಣಿ ಚೂರುಗಳನ್ನು ನಾಟಿದರೆ ಅದೇ ಮೂರ್ತಿಯ ಉಡುಗೆಯಾಗುತ್ತಿತ್ತು. ವಿದ್ಯುತ್ ಸಾಮಗ್ರಿ, ಶೌಚಾಲಯದ ಪಿಂಗಾಣಿ, ಡಾಂಬರು ಡ್ರಮ್ಮು, ಇಟ್ಟಿಗೆ ಗೂಡಿನಲ್ಲಿ ಅತಿಯಾಗಿ ಬೆಂದು ವಿಕಾರಗೊಂಡ ಮುದ್ದೆಗಳು, ಯಾವುದೂ ಅವರಿಗೆ ಹೊರತಾಗಲಿಲ್ಲ. ನೀರು ಹೊರುವ ಹೆಂಗಸರು, ವಾದ್ಯಗಾರರು, ದನ, ಮಂಗ, ನವಿಲುಗಳು ಸಾಲುಸಾಲಾಗಿ ಎದ್ದು ನಿಂತು, ಕಮರಿಯೊಳಗೊಂದು ಹಳ್ಳಿಯ ಲೋಕವೇ ಬೆಳೆಯಿತು.

1970ರ ದಶಕದಲ್ಲಿ ಅಧಿಕಾರಿಗಳ ಕಣ್ಣಿಗೆ ಬಿದ್ದಾಗ ಈ ಅನಧಿಕೃತ ನಿರ್ಮಾಣ ನೆಲಸಮವಾಗಬಹುದಿತ್ತು. ಜನಾಭಿಪ್ರಾಯ ಅದರ ಪರವಾಗಿ ನಿಂತು, 1976ರಲ್ಲಿ ಅದು ರಾಕ್ ಗಾರ್ಡನ್ ಎಂಬ ಹೆಸರಿನಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ನೇಕ್ ಚಂದ್ ಅವರಿಗೆ ಸಂಬಳವೂ ಕೂಲಿಯಾಳುಗಳ ನೆರವೂ ದೊರೆತವು, 1984ರಲ್ಲಿ ಪದ್ಮಶ್ರೀಯೂ ಬಂತು. ಪರಿಸರ ಜಾಗೃತಿಗಾಗಿಯೇ ಅವರು ಇದನ್ನು ಕಟ್ಟಿದರೆಂಬುದು ಈಚಿನ ವ್ಯಾಖ್ಯಾನ. ಕಳೆದುಕೊಂಡ ಊರಿನ ಹಂಬಲವೇ ಮೂಲವೆಂದು ತಿಳಿಯುವುದು ಹೆಚ್ಚು ಸಮಂಜಸ. ಆದರೂ ಆ ವ್ಯಾಖ್ಯಾನ ಬರಿದಲ್ಲ, ಏಕೆಂದರೆ ತಾನು ಎಸೆದಂಥದೇ ಪಿಂಗಾಣಿ ಮೂರ್ತಿಯ ಮೈಯಾಗಿ ಎದುರು ನಿಂತಾಗ ನೋಡುಗನಿಗೆ ತನ್ನ ಬದುಕಿನ ರೀತಿಯ ಬಗ್ಗೆ ಕೇಳಿಕೊಳ್ಳದೆ ಇರಲಾಗುವುದಿಲ್ಲ. ಜನರ ಬೆಂಬಲವೂ ಉಳಿದುಕೊಂಡಿತ್ತು: 1990ರ ಸುಮಾರಿಗೆ ಉದ್ಯಾನದ ಒಂದು ಭಾಗವನ್ನು ಕೆಡವಲು ಬುಲ್ಡೋಜರುಗಳು ಬಂದಾಗ ನಾಗರಿಕರು ಮಾನವ ಸರಪಳಿ ಕಟ್ಟಿ ಅವನ್ನು ತಡೆದರು.